ಒಂದ ಜೋಡಿ, ಅದೂ ಕಾಲಾಗ

ಕಲಾವಿದರು ಬರುವ ರೈಲು ಹುಬ್ಬಳ್ಳಿಯಲ್ಲೇ ನಿಂತುಬಿಡಬಹುದಿತ್ತು. ರೈಲು ಬಂದರೂ ಅವರ ಆಳೆತ್ತರದ ಪಿಟೀಲು ಆಟೋದಲ್ಲಿ ಹಿಡಿಸದೆ, ನುಡಿಸುವವರು ಅದನ್ನು ಹೆಗಲಿಗೇರಿಸಿಕೊಂಡು ಸ್ಟೇಶನ್ನಿನಿಂದ ನಡೆದೇ ಬರಬೇಕಾಗಬಹುದಿತ್ತು. ನೋಡಿದವರು ಹೆಣವೆಂದು ತಪ್ಪು ತಿಳಿದು ದಾರಿ ಬಿಟ್ಟು ಕೈ ಮುಗಿಯಬಹುದಿತ್ತು. ಕರೆಂಟು ಹೋಗಬಹುದಿತ್ತು. ಜನರೇಟರ್ ಇದೆಯೆಂದು ನಾವು ನಂಬಿ, ಅದರೊಳಗೆ ಡೀಸೆಲ್ ಇದೆಯೆಂದು ಜನರೇಟರ್ ನೋಡಿಕೊಳ್ಳುವವನು ನಂಬಿ, ಕಡೆಗೆ ನಂಬಿಕೆಯೊಂದೇ ಉಳಿಯಬಹುದಿತ್ತು. ನಮ್ಮ ಗದುಗಿನ ಗಾಳಿ ಬ್ಯಾನರನ್ನು ಎತ್ತಿಕೊಂಡು ಹೋಗಿ ಗಾಳಿಯಂತ್ರವೊಂದರ ರೆಕ್ಕೆಗೆ ಸುತ್ತಬಹುದಿತ್ತು. ಸ್ಯಾಕ್ಸೊಫೋನ್ ಊದುವವರಿಗೆ ಯಾರಾದರೂ ಪ್ರೀತಿಯಿಂದ ಮಿರ್ಚಿ ತಿನ್ನಿಸಿ, ಅವರ ತುಟಿ ಉರಿದು ಊದಲಾರದಂತಾಗಬಹುದಿತ್ತು. ಕುಲಪತಿಗಳ ಸ್ವಾಗತ ಭಾಷಣ ಮುಕ್ಕಾಲು ತಾಸು ಹಿಡಿಯಬಹುದಿತ್ತು. ಯಾರಾದರೂ ಎದ್ದು ನಿಂತು ಸಿನಿಮಾ ಹಾಡು ಕೇಳಬಹುದಿತ್ತು. ನಮ್ಮ ಕ್ಯಾಂಪಸ್ಸಿನ ಕಂದು ನಾಯಿ ಎಂದಿನಂತೆ ವೇದಿಕೆಯ ಮೇಲೆ ಬಂದು ಮಲಗಬಹುದಿತ್ತು. ಕಲಾವಿದರು ಬೂಟು ಹಾಕಿಕೊಂಡೇ ವೇದಿಕೆ ಹತ್ತಿ, ನಮ್ಮ ಕಡೆಯವರ ಮನಸ್ಸಿಗೆ ನೋವಾಗಬಹುದಿತ್ತು.

ಇವೆಲ್ಲಕ್ಕಿಂತ ಮೇಲೆ, ದಪ್ಪ ಅಕ್ಷರದಲ್ಲಿ: ಯಾರೂ ಬರದೇ ಇರಬಹುದಿತ್ತು.

ಇವನ್ನೆಲ್ಲ ನಾನು ಗ್ರಂಥಾಲಯದ ಹಳೆಯ ಕಾರ್ಡುಗಳ ಹಿಂಬದಿಯಲ್ಲಿ, ನಂಬರು ಹಾಕಿ ಬರೆದಿಟ್ಟುಕೊಂಡಿದ್ದೆ. ಒಟ್ಟು ಇಪ್ಪತ್ತೇಳು. ನಾನು ವಿಶ್ವವಿದ್ಯಾಲಯದಲ್ಲಿ ಸಹಾಯಕ ಗ್ರಂಥಪಾಲಕಿ. ಯಾವುದೋ ಸಭೆಯಲ್ಲಿ, ಚಹ ಬರುವುದು ತಡವಾಗಿ ಎಲ್ಲರೂ ಏನೇನೋ ಮಾತಾಡುತ್ತಿದ್ದಾಗ, ‘ನನಗೆ ಹಾಡು ಅಂದ್ರೆ ಇಷ್ಟ’ ಎಂದು ಬಾಯಿ ತಪ್ಪಿ ಹೇಳಿದ್ದೆ. ಮರುವಾರವೇ ತಿಂಗಳಿಗೊಂದು ಸಂಗೀತ ಸಂಜೆ ಏರ್ಪಡಿಸುವ ಕೆಲಸ ನನ್ನ ಹೆಸರಿಗೆ ಬಂತು. ಅಂದಿನಿಂದ ಸಭೆಗಳಲ್ಲಿ ನನಗೆ ಏನೂ ಇಷ್ಟವಿಲ್ಲ.

‘ನಿನ್ನ ತಲಿ ಒಳಗ ಒಂದು ಮಗ್ಗ ಐತಿ ನೋಡವಾ,’ ಎನ್ನುತ್ತಾರೆ ನನ್ನ ಅತ್ತೆ. ‘ಹಗಲೂ ರಾತ್ರಿ ಖಟಕ್ ಖಟಕ್. ಬಟ್ಟಿ ಮಾತ್ರ ಒಂದ ಮೊಳಾನೂ ಇಳಿಯಂಗಿಲ್ಲ.’

ಮಗ್ಗದ ಮಾತು ಅವರಿಗೆ ಸುಮ್ಮನೆ ಬಂದದ್ದಲ್ಲ. ಬೆಟಗೇರಿಯ ನೇಕಾರರ ಮನೆ ನಮ್ಮದು. ಮಕ್ಕಳು ಬೇರೆ ಬೇರೆ ಕೆಲಸ ಹಿಡಿದರೂ, ಮೊಣಕಾಲು ಕೈಕೊಡುವವರೆಗೆ ಅತ್ತೆ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯ್ದವರು. ಈಗ ಪ್ರತಿ ಸಂಗೀತ ಸಂಜೆಗೂ ಬಂದು ಮೂರನೇ ಸಾಲಿನ ಫ್ಯಾನಿನ ಕೆಳಗೆ ಕೂರುತ್ತಾರೆ. ಸಂಗೀತಕ್ಕಾಗಿ ಅಲ್ಲವಂತೆ, ಕುರ್ಚಿ ಮೆತ್ತಗಿದೆಯಂತೆ.

ಹಿಂದಿನ ತಿಂಗಳು ಒಳ್ಳೆಯ ಕೊಳಲು ವಾದನವಿತ್ತು. ಕೇಳಿದವರು ಹತ್ತೊಂಬತ್ತು ಮಂದಿ. ಮೈಕಿನವನನ್ನೂ ನನ್ನನ್ನೂ ಸೇರಿಸಿ. ‘ನಾ ಬರಲಿಲ್ಲಂದ್ರ ಹದಿನೆಂಟ ಆಗ್ತಿತ್ತು, ನೆನಪಿರಲಿ’ ಎಂದು ಅತ್ತೆ ದಾರಿಯುದ್ದಕ್ಕೂ ಉಪಕಾರ ಸ್ಮರಣೆ ಮಾಡಿಸಿದರು. ಕುಲಪತಿಗಳು ಮಾತ್ರ ನಗಲಿಲ್ಲ. ನನ್ನ ವರದಿಯನ್ನು ಮೇಜಿನ ಮೇಲೆ ಮೆಲ್ಲಗೆ ನನ್ನ ಕಡೆ ತಿರುಗಿಸಿ, ಹಾಜರಿಯ ಸಾಲಿನ ಮೇಲೆ ಬೆರಳಿಟ್ಟರು.

‘ನೋಡ್ರಿ ಮೇಡಂ, ಇನ್ನೊಂದು ಸಲ ನೋಡೋಣು. ಸಭಾಂಗಣ ಅರ್ಧನಾದ್ರೂ ತುಂಬಬೇಕು. ಇಲ್ಲಂದ್ರ ಇದನ್ನ ಇಲ್ಲಿಗೇ ನಿಲ್ಲಸೋಣು. ಇಲ್ಲಿ ಸೊನ್ನಿ ಬರಿಯೋದೊಂದ ಬಾಕಿ ಉಳದೈತಿ.’

ಹೊರಗೆ ಬಂದು ಲೆಕ್ಕ ಹಾಕಿದೆ: ನಿಂತರೆ ನನಗೇನು? ತಿಂಗಳಿಗೆ ಇಪ್ಪತ್ತೇಳು ಚಿಂತೆ ಕಡಿಮೆ. ಹಗುರವಾಗಬೇಕಿತ್ತು, ಆಗಲಿಲ್ಲ. ಯಾರಿಗೂ ಹೇಳದ ಮಾತೊಂದಿದೆ. ಹಾಡೋ ವಾದ್ಯವೋ ಶುರುವಾಗಿ, ಮೈಕು ಸರಿ ಇದೆ, ಕಲಾವಿದರಿಗೆ ನೀರು ಇದೆ, ನಾಯಿ ಹೊರಗಿದೆ ಎಂದು ಖಾತ್ರಿಯಾದ ಮೇಲೆ, ಒಂದು ಗಳಿಗೆಗೆ ನನ್ನ ತಲೆಯೊಳಗಿನ ಮಗ್ಗ ನಿಲ್ಲುತ್ತದೆ. ಇಡೀ ತಿಂಗಳಲ್ಲಿ ಅದು ನಿಲ್ಲುವುದು ಅಲ್ಲೊಂದೇ ಕಡೆ. ಆ ಜಾಗವೇ ಹೋಗಿಬಿಡುತ್ತಿತ್ತು.

ಹಾಗಿರುವಾಗ ಆ ಕಡೆಯ ಸಲಕ್ಕೆ ಬಂದದ್ದು ಜಾಜ್. ಗೋವಾ ಕಡೆಯ ನಾಲ್ಕು ಜನರ ತಂಡ: ಸ್ಯಾಕ್ಸೊಫೋನ್ ಊದುವ ಹೆಣ್ಣುಮಗಳು, ಅವಳೇ ಮುಖ್ಯಸ್ಥೆ, ಕೀಬೋರ್ಡಿನವನೊಬ್ಬ, ಡಬಲ್ ಬಾಸ್ ಎಂಬ ಆ ದೊಡ್ಡ ಪಿಟೀಲಿನವನೊಬ್ಬ, ಡ್ರಮ್ ಬಾರಿಸುವವನೊಬ್ಬ. ಹೊಸ ಕಾಲದ ಜಾಜ್ ಎಂದು ಪತ್ರದಲ್ಲಿ ಬರೆದಿದ್ದರು. ಹಳೆಯ ಕಾಲದ್ದೇ ಗೊತ್ತಿಲ್ಲದ ನನಗೆ ಅದರಿಂದ ಹೆಚ್ಚಿನ ವ್ಯತ್ಯಾಸವಾಗಲಿಲ್ಲ. ಹಿಂದುಸ್ತಾನಿ ಸಂಗೀತವಾದರೆ ನಮ್ಮ ಊರಿನಲ್ಲಿ ಚಹದಂಗಡಿಯವನೂ ತಪ್ಪು ಹಿಡಿಯುತ್ತಾನೆ. ಜಾಜ್ ಕೇಳಲು ಯಾರು ಬರುತ್ತಾರೆ? ಅದಕ್ಕೇ ಪ್ರಚಾರಕ್ಕೆ ಹೊಸ ದಾರಿ ಹುಡುಕಿದೆ. ಗೋಡೆಗೆ ಹಚ್ಚುವ ಪೋಸ್ಟರ್. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಬಸ್‌ಸ್ಟ್ಯಾಂಡುಗಳಿಗೆ, ಹೊಂಬಳ, ಹರ್ತಿಯಂಥ ಸುತ್ತಲಿನ ಹಳ್ಳಿಗಳಿಗೆ.

‘ತಂಡ’ ಎಂದರೆ ಕ್ರಿಕೆಟ್ಟಿನಂತೆ ಕೇಳುತ್ತದೆ, ‘ವೃಂದ’ ಎಂದರೆ ಕಚೇರಿಯ ಸಿಬ್ಬಂದಿಯಂತೆ. ಎರಡು ದಿನ ಯೋಚಿಸಿ ‘ಮೇಳ’ ಎಂದು ಬರೆದೆ. ‘ಅಪರೂಪದ ಜಾಜ್ ಮೇಳ, ಎಲ್ಲರಿಗೂ ಮುಕ್ತ ಪ್ರವೇಶ.’ ಆ ಶಬ್ದ ಹೊಳೆದದ್ದಕ್ಕೆ ನನಗೆ ನಾನೇ ಬೆನ್ನು ತಟ್ಟಿಕೊಂಡಿದ್ದೆ. ಆಮಂತ್ರಣ ಪತ್ರಿಕೆಯ ಕರಡನ್ನು ಹನ್ನೊಂದು ಸಲ ತಿದ್ದಿದೆ. ಪೋಸ್ಟರಿನ ಒಕ್ಕಣೆಯನ್ನು ಬೆಟಗೇರಿಯ ಪ್ರೆಸ್ಸಿಗೆ ಫೋನಿನಲ್ಲೇ ಕಳಿಸಿದೆ. ಅಲ್ಲಿಯ ಕಂಪ್ಯೂಟರಿನವರು ಅಕ್ಷರ ಜೋಡಿಸಿ, ಮುದ್ರಿಸಿ, ಕಟ್ಟು ಕಟ್ಟಿ ನೇರವಾಗಿ ಬಸ್ಸಿಗೆ ಹಾಕಿದರು. ನಾನು ಆಗ ಜನರೇಟರಿನ ಡೀಸೆಲ್ ಟ್ಯಾಂಕಿನೊಳಗೆ ಕಡ್ಡಿ ಇಳಿಬಿಟ್ಟು ನೋಡುತ್ತಿದ್ದೆ.

ದಿನ ಬಂತು. ಕಲಾವಿದರೂ ಬಂದರು, ರೈಲಿನಲ್ಲಲ್ಲ, ತಮ್ಮದೇ ವ್ಯಾನಿನಲ್ಲಿ, ಹೇಳಿದ ಹೊತ್ತಿಗಿಂತ ಅರ್ಧ ತಾಸು ಮೊದಲೇ. ದೊಡ್ಡ ಪಿಟೀಲು ವ್ಯಾನಿನಲ್ಲಿ ಒಂದು ಪೂರ್ತಿ ಸೀಟಿನ ಮೇಲೆ ಹಿರಿಯರಂತೆ ಒರಗಿತ್ತು. ನನ್ನ ಪಟ್ಟಿಯ ಮೊದಲ ಐದು ಸಾಲು ಒಂದೇ ಏಟಿಗೆ ಹೊಡೆದುಹಾಕಬೇಕಾಯಿತು. ಕರೆಂಟು ಇತ್ತು. ಗಾಳಿ ತಣ್ಣಗಿತ್ತು. ಮುಖ್ಯಸ್ಥೆ ಮಿರ್ಚಿಯನ್ನು ಮೂಸಿ ನೋಡಿ ನಮಸ್ಕಾರ ಹೇಳಿದಳು. ಡ್ರಮ್ಮಿನವನು ನಾಲ್ಕು ತಿಂದು, ಗಿರ್ಮಿಟ್ಟಿನ ಕಾಗದವನ್ನೂ ನೆಕ್ಕುವ ಹಾಗಿದ್ದ. ಬೂಟು ಬಿಟ್ಟು ವೇದಿಕೆ ಹತ್ತಬೇಕೆಂದು ಅರೆಬರೆ ಇಂಗ್ಲಿಷಿನಲ್ಲಿ, ಕೈಸನ್ನೆ ಸಮೇತ ವಿನಂತಿಸಿದಾಗ ನಾಲ್ವರೂ ಮರುಮಾತಿಲ್ಲದೆ ಬಿಚ್ಚಿದರು. ಹೀಗೆ ಒಂದೊಂದೇ ಚಿಂತೆ ಉದುರುತ್ತಿದ್ದಂತೆ ನನಗೆ ಹೊಸ ದಿಗಿಲು ಹತ್ತಿತು. ಇಷ್ಟು ಸರಿಯಾಗಿ ನಡೆಯುತ್ತಿದೆಯೆಂದರೆ, ಪಟ್ಟಿಯಲ್ಲಿ ಬರೆಯದ ಇಪ್ಪತ್ತೆಂಟನೆಯದೊಂದು ಎಲ್ಲೋ ಕಾದು ಕೂತಿದೆ ಎಂದೇ ಅರ್ಥ.

ನಾಲ್ಕೂವರೆಗೆ ಗೇಟಿನೊಳಗೆ ಒಂದು ಟ್ರ್ಯಾಕ್ಟರ್ ಬಂತು. ಅದರ ಹಿಂದೆ ಇನ್ನೊಂದು. ಟ್ರೇಲರಿನಿಂದ ರುಮಾಲು ಸುತ್ತಿದ ಹಿರಿಯರು, ಸೆರಗು ಹೊದ್ದ ಹೆಣ್ಣುಮಕ್ಕಳು ಇಳಿಯತೊಡಗಿದರು. ಬಸ್ಸಿನಿಂದ ಇನ್ನಷ್ಟು ಜನ. ಹಿರೇಹಂದಿಗೋಳದಿಂದ ಬಂದೆವೆಂದು ಕೆಲವರು, ಮುಂಡರಗಿಯಿಂದ ಎಂದು ಕೆಲವರು. ಐದಾಗುವುದರೊಳಗೆ ಸಭಾಂಗಣ ತುಂಬಿ, ಗೋಡೆಗುಂಟ ಜನ ನಿಂತರು. ನನಗೆ ಅಳು ಬರುವಷ್ಟು ಸಂತೋಷವಾಯಿತು. ಆಮೇಲೆ, ಯಾಕೆ ಬಂದರು ಎಂಬ ಅನುಮಾನ ಬಂತು.

ಮೊದಲ ಟ್ರ್ಯಾಕ್ಟರಿನಿಂದ ಇಳಿದ, ಹೊಂಬಳದ ಯಜಮಾನರೊಬ್ಬರು ಬಾಗಿಲಲ್ಲೇ ನನ್ನನ್ನು ತಡೆದರು. ಬಿಳಿ ಮೀಸೆ, ಕೇಸರಿ ರುಮಾಲು, ಹೆಗಲಲ್ಲಿ ಭಾರವಾದ ಬಟ್ಟೆಯ ಚೀಲ. ಹಿಂದೆ ಹನ್ನೊಂದು ಮಂದಿ, ಅವರ ಹೆಗಲಲ್ಲೂ ಅಂಥದೇ ಚೀಲ.

‘ಬಾಯಾರ, ಎಷ್ಟ್ ಜೋಡಿ ಬಂದಾವ್ರಿ?’

ಕಲಾವಿದರ ಬಗ್ಗೆ ಕೇಳುತ್ತಿದ್ದಾರೆಂದುಕೊಂಡೆ. ಜೋಡಿ ಎಂದರೆ ದಂಪತಿಯೇ? ‘ನಾಲ್ಕು ಜನ ಇದ್ದಾರೆ’ ಎಂದೆ.

‘ನಾಕ ಜೋಡಿ?’ ಅವರು ಹಿಂದಿನವರತ್ತ ತಿರುಗಿದರು. ‘ಕೇಳಿದ್ರೇನಲೇ? ನಾಕ ಜೋಡಿ ತಗೊಂಡು ಯುನಿವರ್ಸಿಟಿಗೆ ಬಂದಾರ!’ ಹನ್ನೊಂದೂ ಜನ ಮೀಸೆಯೊಳಗೆ ನಕ್ಕರು. ಯಜಮಾನರು ಮತ್ತೆ ನನ್ನ ಕಡೆ ತಿರುಗಿದಾಗ ನಗು ಇರಲಿಲ್ಲ. ‘ಸುತ್ತ ಹತ್ತೂರಾಗ ನಮ್ಮಂಥಾ ಮೇಳ ಇಲ್ಲಂತಾರ್ರಿ ಮಂದಿ. ನಮ್ಮನ್ನ ಬಿಟ್ಟು ಯಾವೂರಾವ್ರನ್ನ ಕರಸೀರಿ, ನೋಡೋಣಂತ ಬಂದೀವಿ. ಇರಲಿ ಅಂತ ನಮ್ಮವೂ ತಂದೀವಿ.’

ಅವರು ಅಂಗಿಯ ಕಿಸೆಯಿಂದ ನಾಲ್ಕು ಮಡಿಕೆ ಮಾಡಿದ ಕಾಗದ ತೆಗೆದು ಬಿಚ್ಚಿದರು. ನನ್ನದೇ ಪೋಸ್ಟರ್. ದಿನ ಸರಿ, ಹೊತ್ತು ಸರಿ, ಜಾಗ ಸರಿ. ನಡುವೆ, ಗೇಣುದ್ದದ ಕೆಂಪು ಅಕ್ಷರದಲ್ಲಿ: ‘ಅಪರೂಪದ ಜಾಂಜ್ ಮೇಳ.’

‘ಜಾ’ದ ಮುಂದೆ ಒಂದು ಸೊನ್ನೆ ಗುಂಡಗೆ, ತೃಪ್ತಿಯಾಗಿ ಕುಳಿತಿತ್ತು.

ಜಾಂಜ್ ಎಂದರೆ ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ಕಂಚಿನ ದೊಡ್ಡ ತಾಳ. ಹನ್ನೆರಡು ಮಂದಿ ಹನ್ನೆರಡು ಜೋಡಿ ಹಿಡಿದು, ಡೋಲಿನ ಗತ್ತಿಗೆ ಹೆಜ್ಜೆ ಹಾಕುತ್ತ ತಿರುತಿರುಗಿ ಬಡಿದರೆ ನಿಂತವರ ಎದೆಯೂ ಕೂಡಿ ಬಡಿಯುತ್ತದೆ. ಅದಕ್ಕೆಂದು ಜನ ಹತ್ತೂರಿನಿಂದ ಬರುತ್ತಾರೆ. ಬಂದಿದ್ದರು.

ಒಂದೇ ಮಾತು ಹೇಳಿದರೆ ಸಾಕಿತ್ತು: ‘ತಪ್ಪಾಗಿದೆ, ಇದು ಜಾಂಜ್ ಅಲ್ಲ.’ ಹೇಳಿದರೆ ಸಭಾಂಗಣ ಖಾಲಿ, ಸಂಗೀತ ಸಂಜೆಯೂ ಖಾಲಿ. ಅಷ್ಟರಲ್ಲಿ ಕುಲಪತಿಗಳು ಬಂದು, ಬಾಗಿಲಲ್ಲಿ ಒಂದು ಕ್ಷಣ ನಿಂತು, ತಾವು ಬೇರೆ ಕಟ್ಟಡಕ್ಕೆ ಬಂದೆವೇನೋ ಎಂಬಂತೆ ಒಳಗೆ ನೋಡಿದರು. ಆಮೇಲೆ ನನ್ನ ಕಡೆ ನೋಡಿ, ಎಂದೂ ಮಾಡದ ಹಾಗೆ ತಲೆ ಬಾಗಿಸಿದರು. ನಾನು ಸತ್ಯವಂತಳೆಂದು ನಂಬಿ ಇಷ್ಟು ವರ್ಷ ಕಳೆದಿದ್ದೆ. ‘ಬರ್ರಿ ಯಜಮಾನ್ರ, ಮುಂದ ಕುಂಡ್ರಿ’ ಎಂದೆ. ಅವರೂ ಅವರ ಹನ್ನೊಂದು ಮಂದಿಯೂ ಮುಂದಿನ ಎರಡು ಸಾಲು ಹಿಡಿದು, ಚೀಲಗಳನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತರು.

ಅತ್ತೆಯ ಪಕ್ಕ ಹೋಗಿ ಕಿವಿಯಲ್ಲಿ ಸಂಗತಿ ಹೇಳಿದೆ. ಅವರು ಸೆರಗು ಬಾಯಿಗೆ ಒತ್ತಿಕೊಂಡು ಮೈ ಕುಲುಕಿಸಿ ನಕ್ಕರು.

‘ನಗಬ್ಯಾಡ್ರಿ ಅತ್ತಿ. ಎದ್ದು ಹೋದ್ರ ಮುಗೀತು.’

‘ಹೋದ್ರ ಹೋಗ್ತಾರ. ಫ್ಯಾನ್ ಏನ್ ನಿಲ್ಲಂಗಿಲ್ಲಲಾ.’

ಕುಲಪತಿಗಳು ಮೂರೇ ನಿಮಿಷ ಮಾತಾಡಿದರು. ತುಂಬಿದ ಸಭೆಯ ಮುಂದೆ ಮಾತಾಡಿ ಅವರಿಗೆ ರೂಢಿಯಿರಲಿಲ್ಲವೆಂದು ಕಾಣುತ್ತದೆ. ವಾದನ ಶುರುವಾಯಿತು. ಸ್ಯಾಕ್ಸೊಫೋನ್ ಮೆಲ್ಲಗೆ, ಯಾರನ್ನೋ ಎಬ್ಬಿಸಲೋ ಬೇಡವೋ ಎಂಬಂತೆ ಎದ್ದಿತು. ದೊಡ್ಡ ಪಿಟೀಲು ಹೊಟ್ಟೆಯೊಳಗಿಂದ ಹೂಂಗುಟ್ಟಿತು. ಜನ ಸುಮ್ಮನೆ ಕೇಳಿದರು. ಆ ಸುಮ್ಮನಿರುವಿಕೆ ಮೆಚ್ಚಿಗೆಯದಲ್ಲ, ಕಾಯುವುದು. ಜಾಂಜ್ ಎಲ್ಲಿ ಎಂದು ಮುನ್ನೂರು ಕಣ್ಣು ವೇದಿಕೆಯನ್ನು ತಡಕುತ್ತಿದ್ದವು. ಯಜಮಾನರ ಕಣ್ಣು ಮಾತ್ರ ಒಂದು ಕಡೆ ನೆಟ್ಟಿತ್ತು: ಡ್ರಮ್ಮಿನವನ ಎಡಗಾಲ ಬಳಿ. ಅಲ್ಲಿ ಒಂದು ಸರಳಿನ ತುದಿಯಲ್ಲಿ ಎರಡು ಸಣ್ಣ ತಾಳ, ಒಂದರ ಮೇಲೊಂದು ಕವಚಿದಂತೆ. ಅವನು ಕಾಲು ಒತ್ತಿದಾಗಲೆಲ್ಲ ಅವು ‘ಚಿಕ್’ ಎಂದು ಕೂಡುತ್ತಿದ್ದವು.

ಮೊದಲ ಕೃತಿ ಮುಗಿಯಿತು. ವಿದ್ಯಾರ್ಥಿಗಳು ಚಪ್ಪಾಳೆ ತಟ್ಟಿದರು. ಚಪ್ಪಾಳೆ ನಿಂತ ಮೇಲೆ ಯಜಮಾನರು ಎದ್ದರು. ಅವರ ಹಿಂದೆ ಹನ್ನೊಂದು ರುಮಾಲು ಎದ್ದವು.

‘ಬಾಯಾರ!’

ನಾನು ನಡುದಾರಿಯಲ್ಲಿ ನಿಂತಿದ್ದೆ; ಓಡಲು ಜಾಗವಿರಲಿಲ್ಲ.

‘ನಾಕ ಜೋಡಿ ಅಂದ್ರಿ. ಒಂದ ಜೋಡಿ ಐತಿ. ಅದೂ ಕಾಲಾಗ!’ ಅವರ ದನಿಯಲ್ಲಿ ಸಿಟ್ಟಿಗಿಂತ ನೋವೇ ಹೆಚ್ಚಿತ್ತು. ‘ನಾವು ಜಾಂಜಿಗೆ ವಿಭೂತಿ ಹಚ್ಚಿ, ಕೈಮುಗದು ಹಿಡೀತೀವಿ. ಕಾಲು ತಾಗಿದ್ರ ಕಣ್ಣಿಗೆ ಒತ್ತಿಕೊಂತೀವಿ. ಅಂವ ನೋಡಿದ್ರ ತುಳೀಲಿಕ್ಕೆ ಅಂತನ ಇಟ್ಕೊಂಡು ಕುಂತಾನ. ಇದನ್ನ ನೋಡ್ಕೋತ ನಾವು ಕುಂದ್ರಾಕ ಆಗಂಗಿಲ್ರಿ.’

ಸಭೆಯಲ್ಲಿ ‘ಹೌದೌದು’ ಎಂಬ ಗುಜುಗುಜು ಎದ್ದಿತು. ಹಿಂದೆ ಕುರ್ಚಿಗಳು ಸರಿಯತೊಡಗಿದವು. ವೇದಿಕೆಯ ಮೇಲಿನ ನಾಲ್ವರಿಗೆ ಭಾಷೆ ತಿಳಿಯದಿದ್ದರೂ ಸಂಗತಿ ತಿಳಿಯಿತು. ಡ್ರಮ್ಮಿನವನು ಕೋಲುಗಳನ್ನು ತೊಡೆಯ ಮೇಲಿಟ್ಟುಕೊಂಡ. ಕುಲಪತಿಗಳು ನನ್ನ ಕಡೆ ನೋಡಿದರು. ಬೂಟು, ನಾಯಿ, ಡೀಸೆಲ್ ಎಲ್ಲ ಇದ್ದ ನನ್ನ ಪಟ್ಟಿಯಲ್ಲಿ ಇದೊಂದು ಇರಲಿಲ್ಲ.

ಮೂರನೇ ಸಾಲಿನಿಂದ ಅತ್ತೆಯ ದನಿ ಕೇಳಿತು. ಎದ್ದಿರಲಿಲ್ಲ, ಮೊಣಕಾಲಿಗೆ ಅದು ದೊಡ್ಡ ಕೆಲಸ.

‘ಯಜಮಾನ್ರ, ನಿಮ್ಮೂರ ದೇವಿ ದ್ಯಾಮವ್ವಗ ಸೀರಿ ಉಡಸ್ತೀರಿಲ್ಲೋ?’

ಅವರು ತಿರುಗಿದರು. ‘ಉಡಸ್ತೀವಿ ಯವ್ವಾ. ಬೆಟಗೇರಿ ಸೀರೀನ ಉಡಸ್ತೀವಿ.’

‘ಅದನ್ನ ಹೆಂಗ ನೇಯ್ತಾರ ಗೊತ್ತೈತೇನು? ನಲವತ್ತ ವರ್ಷ ನಾ ಮಗ್ಗದ ಕುಣ್ಯಾಗ ಕಾಲ ಇಳಿಬಿಟ್ಟು, ತುಳದ ತುಳದ ನೇಯ್ದೀನಿ. ಕೈಯಾಗ ಲಾಳಿ ಇರತೈತಿ. ಕಾಲಿಗೆ ಕೆಲಸ ಹಚ್ಚಲಿಲ್ಲಂದ್ರ ಎಳಿ ತೆರಿಯಂಗಿಲ್ಲ. ತುಳದ ಸೀರಿ ಅಂತ ದ್ಯಾಮವ್ವ ಒಂದ ದಿನ ಒಲ್ಲೆ ಅಂದಾಳೇನು?’

ಯಜಮಾನರು ರುಮಾಲು ಸರಿಪಡಿಸಿಕೊಂಡರು.

‘ನಾ ಸೀರಿ ತುಳೀತಿದ್ದಿಲ್ರಿ, ಮಗ್ಗದ ಹಲಗಿ ತುಳೀತಿದ್ದೆ. ಅಂವನೂ ಹಲಗಿನ ತುಳ್ಯಾಕತ್ತಾನ. ನೋಡ್ರಿ ಬೇಕಾದ್ರ.’ ಆಮೇಲೆ ನನ್ನ ಕಡೆ, ‘ಏ, ಏನ್ ನಿಂತೀ ಕಂಬದಂಗ? ಕಾಲ ಎತ್ತಂತ ಹೇಳು ಅವಗ.’

ನಾನು ವೇದಿಕೆಯ ಕೆಳಗೆ ಹೋಗಿ, ನನ್ನದೇ ಕಾಲೆತ್ತಿ ತೋರಿಸಿದೆ. ಡ್ರಮ್ಮಿನವನು ಗಾಬರಿಯಿಂದ ತನ್ನ ಎಡಗಾಲನ್ನು ಸಭೆಯ ಎದುರು ಎತ್ತಿ ಹಿಡಿದ. ಬೂಟಿಲ್ಲ. ನನ್ನ ಪಟ್ಟಿಯ ಹತ್ತೊಂಬತ್ತನೆಯ ಚಿಂತೆ ಫಲ ಕೊಟ್ಟಿತ್ತು. ಸಾಕ್ಸಿನ ತೂತಿನಿಂದ ಹೆಬ್ಬೆರಳೊಂದು ಹೊರಗೆ ಬಂದು, ತಪ್ಪೊಪ್ಪಿಕೊಳ್ಳುವಂತೆ ಅಲ್ಲಾಡಿತು. ಕೆಳಗಿದ್ದದ್ದು ಒಂದು ಪುಟ್ಟ ಕಬ್ಬಿಣದ ಹಲಗೆ. ತಾಳಗಳು ಅದರಿಂದ ಮೊಳ ದೂರ, ಮೇಲೆ.

ಯಜಮಾನರು ಮುಂದೆ ಬಾಗಿ ನೋಡಿದರು. ಹಲಗೆ ನೋಡಿದರು, ತಾಳ ನೋಡಿದರು, ಹೆಬ್ಬೆರಳು ನೋಡಿದರು. ಮೀಸೆಯ ಒಂದು ತುದಿ ಅಲುಗಿತು.

‘ಹಲಗಿ ಐತಿ ಖರೆ,’ ಎಂದರು ತಮ್ಮವರಿಗೆ. ‘ಪಾಪ, ಎರಡೂ ಕೈ ಕೆಲಸದಾಗ ಅದಾವ. ನಾವು ಹನ್ನೆರಡ ಮಂದಿ ಮಾಡೂದನ್ನ ಅಂವ ಒಬ್ಬನ ಮಾಡಾಕತ್ತಾನ. ಮಂದಿ ಸಿಕ್ಕಿಲ್ಲ ಕಾಣಸ್ತೈತಿ. ಕುಂಡ್ರಲೇ.’

ಹನ್ನೊಂದು ರುಮಾಲುಗಳು ಕುಳಿತವು. ಅವರು ಕುಳಿತದ್ದನ್ನು ನೋಡಿ ಉಳಿದವರೂ ಕುಳಿತರು.

ಎರಡನೆಯ ಕೃತಿಯಲ್ಲಿ ಯಜಮಾನರು ತೊಡೆಯ ಮೇಲಿನ ಚೀಲದ ಮೇಲೆಯೇ ಬೆರಳು ಬಡಿದು ಲೆಕ್ಕ ಹಿಡಿಯುತ್ತಿದ್ದರು. ಐದೋ, ಏಳೋ, ಅದೇನು ಸುತ್ತೋ. ಎರಡು ಸಲ ತಪ್ಪಿ ತಲೆ ಕೊಡವಿದರು. ಮೂರನೆಯ ಸಲ ತಿರುವಿನಲ್ಲಿ ಸರಿಯಾಗಿ ಸಿಕ್ಕಿಬಿದ್ದಿತು. ‘ಹಾಂ!’ ಎಂದು ಗುಡುಗಿದರು. ಇಡೀ ಸಭಾಂಗಣ ಅವರ ಹಿಂದೆ ‘ಹಾಂ!’ ಎಂದಿತು. ಡ್ರಮ್ಮಿನವನು ಬೆಚ್ಚಿ, ನಕ್ಕು, ಮುಂದಿನ ತಿರುವನ್ನು ಬೇಕೆಂದೇ ಬಚ್ಚಿಟ್ಟ. ಅದನ್ನೂ ಇವರು ಹಿಡಿದರು. ಅದಾದ ಮೇಲೆ ಎಷ್ಟು ಕೃತಿ ನುಡಿಸಿದರು, ಮೈಕು ಸರಿ ಇತ್ತೇ, ನಾಯಿ ಎಲ್ಲಿತ್ತು, ನನಗೆ ಗೊತ್ತಿಲ್ಲ. ಮುಗಿದ ಮೇಲೆ ಅತ್ತೆ ಹೇಳಿದರು, ‘ನಾಯಿ ನಿನ್ನ ಕಾಲಾಗ ಮಲಗಿತ್ತಲ್ಲ, ಕಾಣಲಿಲ್ಲೇನು?’

ತಂದದ್ದನ್ನು ಬಾರಿಸದೆ ಹೋಗುವವರಲ್ಲ ಹೊಂಬಳದವರು. ಇನ್ನೂ ಬೆಳಕಿರುವಾಗಲೇ ಟ್ರ್ಯಾಕ್ಟರುಗಳ ನಡುವೆ ಸುತ್ತುಗಟ್ಟಿ ನಿಂತರು. ಡ್ರಮ್ಮಿನವನಿಗೂ ಒಂದು ಜೋಡಿ ಕೊಟ್ಟರು, ಕಣ್ಣಿಗೆ ಒತ್ತಿಕೊಳ್ಳುವುದನ್ನು ಮೊದಲು ಕಲಿಸಿ. ನಾಲ್ಕೇ ನಿಮಿಷಕ್ಕೆ ಅವನ ತೋಳು ಸೋತು ಕೆಳಗಿಳಿದವು.

‘ಕಾಲಾಗ ಬಾರಸಿ ರೂಢಿ ಆಗೈತಿ ಮಗಗ,’ ಎಂದರು ಯಜಮಾನರು.

ಮರುದಿನ ಸಿಟ್ಟು ಕಟ್ಟಿಕೊಂಡು ಬೆಟಗೇರಿಯ ಪ್ರೆಸ್ಸಿಗೆ ಹೋದೆ. ಕಂಪ್ಯೂಟರಿನ ಮುಂದೆ ನನ್ನಷ್ಟೇ ವಯಸ್ಸಿನ, ದಪ್ಪ ಕನ್ನಡಕದ ಗೃಹಸ್ಥರು. ನಾನು ಬಾಯಿ ತೆರೆಯುವ ಮೊದಲೇ ಎದ್ದು ನಿಂತರು.

‘ಬರ್ರಿ ಮೇಡಂ. ನೀವು ಒಂದು ಸೊನ್ನಿ ಬಿಟ್ಟು ಕಳಿಸಿದ್ರಿ. ನಾ ನೋಡಿ ಹಾಕಿದೆ ಅಂತ ಆತು. ಇಲ್ಲಂದ್ರ ಎಷ್ಟ್ ಮಂದಿ ನಗತಿದ್ರು! ಅಷ್ಟಕ್ಕ ಥ್ಯಾಂಕ್ಸ್ ಹೇಳಾಕ ಇಷ್ಟ್ ದೂರ ಬರೂದಿತ್ತೇನ್ರಿ?’

‘ಇಲ್ರಿ, ಹೇಳಬೇಕಿತ್ತು,’ ಎಂದೆ. ಹೇಳಿಯೂ ಬಂದೆ. ಅವರು ಚಹ ತರಿಸಿದರು.

ಮಧ್ಯಾಹ್ನ ಕೂತು ವರದಿ ಬರೆದೆ. ಕಾರ್ಯಕ್ರಮ: ಜಾಜ್ ಮೇಳ, ಈ ಸಲ ಅಕ್ಷರ ಅಕ್ಷರವಾಗಿ ನೋಡಿ ಬರೆದೆ. ಹಾಜರಿ: ಸಭಾಂಗಣ ಪೂರ್ತಿ ಭರ್ತಿ. ಕಡೆಯ ಸಾಲು: ‘ಕಾರ್ಯಕ್ರಮದಲ್ಲಿ ಆದ ಲೋಪದೋಷ.’ ಸುಳ್ಳು ಬರೆಯಲು ಮನಸ್ಸಿರಲಿಲ್ಲ, ನಿಜ ಬರೆಯಲು ಧೈರ್ಯವಿರಲಿಲ್ಲ. ಕಡೆಗೆ ಆದದ್ದನ್ನು ಆದ ಹಾಗೆಯೇ ಬರೆದೆ. ಕುಲಪತಿಗಳು ಓದಿ, ಸಂತೋಷದಿಂದ ಮುಂದಿನ ವರ್ಷದವರೆಗೆ ಸಂಗೀತ ಸಂಜೆ ನಡೆಸಲು ಸಹಿ ಹಾಕಿದರು.

ಬರೆದದ್ದು ಒಂದೇ ಶಬ್ದ: ಸೊನ್ನೆ.